ತೆರೆಯ ಹಿಂದಿನ ಚೆಂಡೆ

2022ರ ಅಕ್ಟೋಬರ್ ತಿಂಗಳಲ್ಲಿ ಮೊಮ್ಮಗನ ಕಾಟ ತಾಳಲಾರದೆ ಉಡುಪಿಯ ಚಿತ್ರಮಂದಿರವೊಂದಕ್ಕೆ ‘ಕಾಂತಾರ’ ನೋಡಲು ಹೋದೆ. ಚಿತ್ರಮಂದಿರದ ಮೆಟ್ಟಿಲು ಹತ್ತದೆ ಹತ್ತು ಹನ್ನೆರಡು ವರ್ಷಗಳಾಗಿದ್ದವು. ಹೊಡೆದಾಟದ ಚಿತ್ರವೆಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಒಬ್ಬನು ಹತ್ತು ಮಂದಿಯನ್ನು ಬಡಿಯುವಾಗ ಉಳಿದ ಒಂಬತ್ತು ಮಂದಿ ತಮ್ಮ ಸರದಿಗಾಗಿ ಕಾಯುವುದನ್ನು ಕಂಡರೆ ರೇಶನ್ ಅಂಗಡಿಯ ನೆನಪಾಗುತ್ತದೆ.

ಆದರೆ ಅಂದು ಕೊನೆಯ ಇಪ್ಪತ್ತು ನಿಮಿಷ ನಾನು ನಗುವ ಸ್ಥಿತಿಯಲ್ಲಿರಲಿಲ್ಲ. ಪೆಟ್ಟು ತಿಂದು ನೆಲಕ್ಕೊರಗಿದ್ದ ನಾಯಕನ ಮೈಮೇಲೆ ಗುಳಿಗ ದೈವದ ಆವೇಶವಾಗುತ್ತದೆ. ಆ ಕೂಗು ನಾಲ್ಕೂ ಗೋಡೆಗಳಿಂದ ಒಮ್ಮೆಲೇ ಹೊರಟಿತು. ಪಕ್ಕದ ಸೀಟಿನಲ್ಲಿ ಅಷ್ಟು ಹೊತ್ತೂ ಪಾಪ್‌ಕಾರ್ನ್ ತಿನ್ನುತ್ತಿದ್ದ ಹೆಂಗಸೊಬ್ಬರು ಪೊಟ್ಟಣವನ್ನು ಮಡಿಲಿಗಿಟ್ಟು ಕೈಮುಗಿದರು. ನನ್ನ ಕೈಗಳೂ ಅರ್ಧ ಮೇಲೆದ್ದವು. ಆದರೆ ನಾನು ಗುತ್ತಿನ ಮನೆಯಲ್ಲಿ ಹುಟ್ಟಿದವನು. ಚಿತ್ರದಲ್ಲಿ ಗುಳಿಗನಿಂದ ಸಾಯುವವನು ಊರಿನ ಧಣಿ. ಕೈಮುಗಿಯುವುದೋ, ಕೊರಳು ಮುಟ್ಟಿ ನೋಡಿಕೊಳ್ಳುವುದೋ ಎಂದು ಒಂದು ಕ್ಷಣ ತಿಳಿಯಲಿಲ್ಲ.

ಮನೆಗೆ ಬಂದ ಮೇಲೂ ಆ ಧ್ವನಿ ಬಿಡಲಿಲ್ಲ. ಹೊಡೆದಾಟದ ಚಿತ್ರದೊಳಕ್ಕೆ ಇದು ಯಾವ ದಾರಿಯಲ್ಲಿ ಬಂತು ಎಂದು ಯೋಚಿಸುತ್ತ ಹೋದೆ. ಆ ದಾರಿಯಲ್ಲಿ ನಾನು ನೋಡಿದ ಆಟಗಳೂ ಸಿನಿಮಾಗಳೂ ಇವೆ. ನಡುವೆ ಒಂದು ಕಡೆ ನಮ್ಮ ಮನೆಯ ಅಂಗಳವೂ ಇದೆ.

ನಮ್ಮದು ಉಡುಪಿಗೂ ಕಾಪುವಿಗೂ ನಡುವಣ ಊರು. ನಾನು ಹುಡುಗನಾಗಿದ್ದ ಅರವತ್ತರ ದಶಕದಲ್ಲಿ ಕೊಯ್ಲು ಮುಗಿದ ಗದ್ದೆಯಲ್ಲಿ ಕಟೀಲು ಮೇಳದ ಹರಕೆಯಾಟ ನಡೆಯುತ್ತಿತ್ತು. ಪ್ರಸಂಗ ಬಹುತೇಕ ‘ಶ್ರೀ ದೇವಿ ಮಹಾತ್ಮೆ’ಯೇ. ನಡುರಾತ್ರಿ ಕಳೆದು ಮಕ್ಕಳಿಗೆಲ್ಲ ಕಣ್ಣು ಎಳೆಯುವ ಹೊತ್ತಿಗೆ ಮಹಿಷಾಸುರ ಬರುತ್ತಾನೆ. ಬರುವುದು ಚೌಕಿಯಿಂದ ನೆಟ್ಟಗೆ ರಂಗಸ್ಥಳಕ್ಕಲ್ಲ. ಪ್ರೇಕ್ಷಕರ ಬೆನ್ನ ಹಿಂದಿನಿಂದ, ಗದ್ದೆಯ ಆಚೆಯ ಕತ್ತಲಿನಿಂದ, ದೀವಟಿಗೆಗಳ ನಡುವೆ. ಮೊದಲು ಕೇಳಿಸುವುದು ಆರ್ಭಟ. ಆಮೇಲೆ ಬೆಂಕಿಯ ಬೆಳಕಿನಲ್ಲಿ ಎರಡು ಕೊಂಬುಗಳು. ಚೆಂಡೆ ಒಂದೇ ಸಮನೆ ಬೀಳುತ್ತಿರುತ್ತದೆ. ಅವನು ಅವಸರ ಮಾಡುವುದಿಲ್ಲ; ಜನರ ನಡುವೆ ನಿಲ್ಲುತ್ತ, ಅಬ್ಬರಿಸುತ್ತ, ದೊಡ್ಡವರೂ ಎದ್ದು ದಾರಿ ಬಿಡುವಂತೆ ಮಾಡುತ್ತ ರಂಗಸ್ಥಳ ತಲಪುವಾಗ ನಾವು ಅಜ್ಜಿಯ ಸೆರಗಿನೊಳಗೆ. ಹೆದರಿಕೆ ಮುಗಿದ ಕೂಡಲೇ ಶಿಳ್ಳೆ. ಇಡೀ ರಾತ್ರಿಯಲ್ಲಿ ದೇವಿಗೂ ಇಷ್ಟು ಗದ್ದಲದ ಪ್ರವೇಶವಿಲ್ಲ.

ಬಣ್ಣದ ವೇಷಗಳಿಗೆ ತೆರೆ ಹಿಡಿದು ಮಾಡಿಸುವ ಪ್ರವೇಶ ಇನ್ನೊಂದು ಬಗೆ. ಇಬ್ಬರು ತೆರೆ ಹಿಡಿದು ನಿಂತಿರುತ್ತಾರೆ. ಅದರ ಹಿಂದಿನಿಂದ ಒಮ್ಮೆ ಕಿರೀಟದ ತುದಿ, ಒಮ್ಮೆ ಕೈಬೆರಳು, ಒಮ್ಮೆ ಬೆನ್ನು. ಮುಖ ಕಾಣುವುದು ಎಲ್ಲಕ್ಕೂ ಕೊನೆಗೆ. ಇಂದಿನ ಚಿತ್ರಗಳಲ್ಲಿ ನಾಯಕನ ಬೂಟು, ಆಮೇಲೆ ಮುಷ್ಟಿ, ಆಮೇಲೆ ಬೆನ್ನು, ಸಿಗರೇಟಿನ ಹೊಗೆ ಸರಿದ ಮೇಲೆ ಮುಖ ಕಾಣಿಸುವುದನ್ನು ನೋಡಿ ಮೊಮ್ಮಗ ಕುರ್ಚಿಯಿಂದ ಏಳುತ್ತಾನೆ. ಅವನಿಗೆ ಇದು ಹೊಸದು. ನನಗೆ ಆ ತೆರೆ ಹಿಡಿದ ಇಬ್ಬರು ಕಾಣುತ್ತಾರೆ. ವ್ಯತ್ಯಾಸ ಒಂದೇ: ನಾವು ಅಸುರನಿಗೆ ಹಾಕುತ್ತಿದ್ದ ಶಿಳ್ಳೆಯನ್ನು ಈಗಿನವರು ನಾಯಕನಿಗೆ ಹಾಕುತ್ತಾರೆ.

ಆದರೆ ಆಟದಲ್ಲಿ ಪ್ರವೇಶವಾದ ಕೂಡಲೇ ಯುದ್ಧವಿಲ್ಲ. ಮೊದಲು ಪೀಠಿಕೆ: ನಾನು ಯಾರು, ನನ್ನ ವಂಶ ಯಾವುದು, ಇಂದು ನನ್ನ ಮನಸ್ಸಿನಲ್ಲಿ ಏನಿದೆ. ಎದುರಾಳಿ ಬಂದ ಮೇಲೆ ವಾದ. ಈ ಕುದುರೆಯನ್ನು ಕಟ್ಟಲು ನಿನಗೇನು ಹಕ್ಕು, ನಿನ್ನ ತಂದೆ ಯಾರು, ಅಂದು ನಿನ್ನ ಅಣ್ಣ ಮಾಡಿದ್ದು ಧರ್ಮವೋ ಎಂದು ಹಳೆಯ ಲೆಕ್ಕವೆಲ್ಲ ಹೊರಬರುತ್ತದೆ. ಒಳ್ಳೆಯ ಅರ್ಥಧಾರಿಗಳಿದ್ದರೆ ಒಂದು ಗಂಟೆ ಹಿಡಿಯುತ್ತದೆ, ಇಬ್ಬರೂ ಸರಿ ಎಂದು ಕೇಳುವವನಿಗೆ ಅನ್ನಿಸುತ್ತದೆ. ಮಾತು ಇನ್ನು ಮುಂದಕ್ಕೆ ಹೋಗದು ಎಂಬಲ್ಲಿ ಭಾಗವತರು ಏರುಪದ ಎತ್ತುತ್ತಾರೆ. ಚೆಂಡೆ, ಧೀಂಗಿಣ, ಬಿಲ್ಲಿನ ಝಳಪು. ಆಯುಧಕ್ಕೆ ಆಯುಧ ತಾಗುವುದೂ ಕಡಿಮೆ. ನನ್ನ ಸೋದರಮಾವನಂತೂ ಯುದ್ಧ ಸುರುವಾದೊಡನೆ ಚಾಪೆಯಲ್ಲಿ ಮಗ್ಗುಲಾಗುತ್ತಿದ್ದರು. “ಕುಣಿತಕ್ಕೆ ಎಬ್ಬಿಸಬೇಡ ಮಾರಾಯ, ಮಾತು ಬಂದಾಗ ಎಬ್ಬಿಸು” ಎಂದು ನನಗೆ ಕಟ್ಟಾಜ್ಞೆ.

ಕನ್ನಡ ಸಿನಿಮಾ ಮಾತು ಕಲಿತದ್ದೇ ಒಂದು ಯುದ್ಧದ ಕಥೆಯಿಂದ. 1934ರ ಮಾರ್ಚ್ 3ರಂದು ತೆರೆಕಂಡ ‘ಸತಿ ಸುಲೋಚನ’ ಇಂದ್ರಜಿತುವಿನ ಹೆಂಡತಿಯ ಕಥೆ. ಸುಬ್ಬಯ್ಯ ನಾಯ್ಡು ಇಂದ್ರಜಿತು, ಆರ್. ನಾಗೇಂದ್ರರಾಯರು ರಾವಣ; ಇಬ್ಬರೂ ನಾಟಕರಂಗದವರು. ಆ ಚಿತ್ರದ ಪ್ರತಿ ಉಳಿದಿಲ್ಲ, ಕಾಳಗ ಹೇಗಿತ್ತೋ ನೋಡುವ ಭಾಗ್ಯ ನಮಗಿಲ್ಲ. ಗುಬ್ಬಿ ಕಂಪೆನಿಯವರು ‘ಕುರುಕ್ಷೇತ್ರ’ ನಾಟಕದಲ್ಲಿ ಜೀವಂತ ಆನೆಯನ್ನೇ ರಂಗಕ್ಕೆ ತಂದಿದ್ದರು. ಅತ್ತ ಮುಂಬಯಿಯಲ್ಲಿ 1935ರ ‘ಹಂಟರ್‌ವಾಲಿ’ಯಲ್ಲಿ ನಾಡಿಯಾ ಚಾಟಿ ಹಿಡಿದು ಕುದುರೆ ಏರಿದ್ದಳು. ಪುರಾಣದ ಯುದ್ಧ ಒಂದು ಹೊಳೆ, ಚಾಟಿಯ ಸಾಹಸ ಇನ್ನೊಂದು ಹೊಳೆ. ನಾನು ಸಿನಿಮಾ ನೋಡಲು ಕಲಿಯುವ ಹೊತ್ತಿಗೆ ಎರಡನೆಯದರಲ್ಲಿ ನೀರು ಹೆಚ್ಚಾಗಿತ್ತು. 1968ರಲ್ಲಿ ‘ಜೇಡರ ಬಲೆ’ ಬಂತು. ‘ಬೇಡರ ಕಣ್ಣಪ್ಪ’ನಾಗಿದ್ದ ರಾಜ್‌ಕುಮಾರ್ ಸೂಟು ತೊಟ್ಟು ಪಿಸ್ತೂಲು ಹಿಡಿದರು. ಅಂದಿನಿಂದ ಬಹಳ ಕಾಲ ನಮ್ಮ ಹೊಡೆದಾಟಕ್ಕೆ ಹಿಮ್ಮೇಳ ಬಾಂಗೋ ಮತ್ತು ಟ್ರಂಪೆಟ್ಟು. ಚೆಂಡೆ ಗದ್ದೆಯಲ್ಲೇ ಉಳಿಯಿತು.

ಹೊಡೆದಾಟವಿಲ್ಲದ ಒಂದು ಚಿತ್ರವನ್ನೂ ಇಲ್ಲಿ ಹೇಳದೆ ವಿಧಿಯಿಲ್ಲ. 1975ರಲ್ಲಿ ಬಿ.ವಿ. ಕಾರಂತರು ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು ತೆರೆಗೆ ತಂದರು. ಒಂದು ತುಂಡು ಭೂಮಿಯನ್ನು ಸ್ವಂತಕ್ಕೆ ಉಳಬೇಕೆಂಬ ಆಸೆ ಚೋಮನದು, ಅದು ಆಗುವುದಿಲ್ಲ. ಅವನು ದುಡಿ ಬಾರಿಸುತ್ತಾನೆ, ಬಾರಿಸುತ್ತಲೇ ಮುಗಿಯುತ್ತಾನೆ. ಎಂ.ವಿ. ವಾಸುದೇವರಾಯರಿಗೆ ಅದಕ್ಕಾಗಿ ರಾಷ್ಟ್ರಪ್ರಶಸ್ತಿ ಬಂತು. ಆ ದುಡಿಯ ಪೆಟ್ಟಿನ ಬೆನ್ನಿಗೆ ಯಾವ ಯುದ್ಧವೂ ಬರಲಿಲ್ಲ. ಬರುತ್ತದೆಂದು ನಾನು ಕಾದಿದ್ದೆ. ಚಿತ್ರಮಂದಿರದಿಂದ ಹೊರಬರುವಾಗ ಅಪ್ಪಯ್ಯ ಕೊಡೆ ಬಿಡಿಸುತ್ತ, “ಇದನ್ನೆಲ್ಲ ಸಿನಿಮಾ ಮಾಡಬೇಕೆ?” ಎಂದರು.

ಅಪ್ಪಯ್ಯನಿಗೆ ಆಗ ಭೂಮಿಯ ಮಾತೇ ಬೇಡವಾಗಿತ್ತು. ದೇವರಾಜ ಅರಸರ ಭೂಸುಧಾರಣೆ 1974ರ ಮಾರ್ಚ್ 1ರಿಂದ ಜಾರಿಗೆ ಬಂದಿತ್ತು. ಗೇಣಿದಾರರು ಏಳನೆಯ ನಮೂನೆಯ ಅರ್ಜಿ ತುಂಬಿ ಕೊಡಬೇಕು, ಭೂನ್ಯಾಯ ಮಂಡಳಿ ತೀರ್ಮಾನಿಸಬೇಕು. ನಮ್ಮ ಕಡೆ ಅದಕ್ಕೆ ‘ಡಿಕ್ಲರೇಶನ್ ಕೊಡುವುದು’ ಎಂದೇ ಹೆಸರು. ನಮ್ಮ ಏಳು ಒಕ್ಕಲಿನವರಲ್ಲಿ ಆರು ಮಂದಿ ಕೊಟ್ಟರು. ಏಳನೆಯವನು ಕೊಡದೆ ಇದ್ದದ್ದು ನಿಷ್ಠೆಯಿಂದಲೋ ಹೆದರಿಕೆಯಿಂದಲೋ ಇಂದಿಗೂ ತಿಳಿಯದು.

1976ರ ಮಾಯಿ ತಿಂಗಳಲ್ಲಿ ಮನೆಯ ಪಂಜುರ್ಲಿಗೆ ಕೋಲ. ಕೋಲವೆಂದರೆ ಕುಣಿತ ಮತ್ತು ಬೆಂಕಿ ಎಂದು ಹೊರಗಿನವರು ತಿಳಿಯುತ್ತಾರೆ. ಅದರಲ್ಲಿ ಅರ್ಧದಷ್ಟು ನ್ಯಾಯಸ್ಥಾನ. ಪಾಲಿನ ತಗಾದೆ, ಬೇಲಿಯ ತಗಾದೆ, ಅಣ್ಣತಮ್ಮಂದಿರ ಮುನಿಸು, ಎಲ್ಲವನ್ನೂ ದೈವದ ಮುಂದೆ ಅರಿಕೆ ಮಾಡುತ್ತಾರೆ. ದೈವ ಎರಡೂ ಕಡೆ ಕೇಳಿ ನುಡಿ ಕೊಡುತ್ತದೆ. ಅಣಿ ಕಟ್ಟಿ, ಗಗ್ಗರ ತೊಟ್ಟು, ಮುಖಕ್ಕೆ ಅರದಾಳ ಬಳಿದು ನಿಂತವರು ಪಂಬದರೋ ಪರವರೋ ನಲಿಕೆಯವರೋ ಆಗಿರುತ್ತಾರೆ. ಹಗಲಿನಲ್ಲಿ ಅವರನ್ನು ಅಂಗಳದಿಂದಾಚೆ ನಿಲ್ಲಿಸಿ ‘ನೀನು’ ಎನ್ನುವ ಮನೆಯ ಯಜಮಾನ ಆ ರಾತ್ರಿ ಅವರ ಮುಂದೆ ಕೈಜೋಡಿಸಿ ನಿಲ್ಲುತ್ತಾನೆ. ಈ ವಿಚಿತ್ರವನ್ನು ನಾನು ಹುಟ್ಟಿನಿಂದ ನೋಡುತ್ತ ಬಂದವನಾದ್ದರಿಂದ ಬಹುಕಾಲ ಅದು ವಿಚಿತ್ರವೆಂದು ಹೊಳೆಯಲೇ ಇಲ್ಲ.

ಅಂದು ಅಪ್ಪಯ್ಯ ಅರಿಕೆ ಮಾಡಿಕೊಂಡರು: ಉಂಡ ಮನೆಗೆ ಎರಡು ಬಗೆದವರಿದ್ದಾರೆ, ದೈವ ನೋಡಿಕೊಳ್ಳಬೇಕು. ಆರು ಮಂದಿಯೂ ಚಾವಡಿಯ ಕೆಳಗೆ ತಲೆತಗ್ಗಿಸಿ ನಿಂತಿದ್ದರು. ವಾದ್ಯ ನಿಂತಿತು. ದೈವ ತುಳುವಿನಲ್ಲಿ ನುಡಿದದ್ದನ್ನು ನನ್ನ ಕನ್ನಡದಲ್ಲಿ ಹೇಳಿದರೆ ಹೀಗೆ: “ಮಣ್ಣು ನನ್ನದು. ನೀನು ಕಾದೆ, ಅವರು ಉತ್ತರು. ಸರಕಾರದ ಕಾಗದಕ್ಕೆ ನಾನು ಅಡ್ಡ ಬರುವುದಿಲ್ಲ. ಕಾಗದ ಬಂದ ಮೇಲೂ ನೀವೆಲ್ಲ ಈ ಚಾವಡಿಯಲ್ಲಿ ಒಟ್ಟಿಗೆ ನಿಲ್ಲಬೇಕು, ನನಗೆ ಅದು ಬೇಕು.” ಅಪ್ಪಯ್ಯ ಕೈಜೋಡಿಸಿದರು, ಹೌದೆಂದರು, ಒಳಗೆ ಹೋದರು. ಬೆಳಗಿನ ಜಾವ ದೈವ ಕಟ್ಟಿದವರು ಅಣಿ ಬಿಚ್ಚಿ, ಮುಖ ತೊಳೆದು, ಗಂಟು ತಲೆಯ ಮೇಲಿಟ್ಟುಕೊಂಡು ತಡಮೆ ದಾಟಿ ಹೋದರು. ಸಲ್ಲಬೇಕಾದ ಅಕ್ಕಿ ಕಾಯಿ ಸಂದಿತ್ತು. ಹಣ ಅರ್ಧ ಮಾತ್ರ. ಮುಂದಿನ ವರ್ಷ ಕೋಲವಿಲ್ಲ. ಖರ್ಚಿಗಾಗುವುದಿಲ್ಲ ಎಂಬ ಕಾರಣ. ಅದು ಸುಳ್ಳೂ ಅಲ್ಲ. ಹದಿನೈದು ವರ್ಷ ನಮ್ಮ ಅಂಗಳದಲ್ಲಿ ಗಗ್ಗರ ಕೇಳಲಿಲ್ಲ.

ನನಗಾಗ 21 ವರ್ಷ. ಯುವಕ ಮಂಡಲದಲ್ಲಿ ಉಳುವವನೇ ಹೊಲದೊಡೆಯ ಎಂದು ಭಾಷಣ ಮಾಡಿ ಚಪ್ಪಾಳೆ ಗಿಟ್ಟಿಸಿದವನು. ಮನೆಯಲ್ಲಿ ತುಟಿ ಬಿಚ್ಚಲಿಲ್ಲ.

ಮರುವರ್ಷ, 1977ರಲ್ಲಿ, ‘ಬಭ್ರುವಾಹನ’ ಬಂತು. ಹುಣಸೂರು ಕೃಷ್ಣಮೂರ್ತಿಯವರ ನಿರ್ದೇಶನ, ಟಿ.ಜಿ. ಲಿಂಗಪ್ಪನವರ ಸಂಗೀತ, ಅರ್ಜುನನೂ ರಾಜ್‌ಕುಮಾರರೇ, ಬಭ್ರುವಾಹನನೂ ಅವರೇ. ತಂದೆ ಮಗನನ್ನು ಮಗನೆಂದು ಒಪ್ಪುವುದಿಲ್ಲ, ತಾಯಿಯನ್ನು ಹಳಿಯುತ್ತಾನೆ. ಯುದ್ಧಕ್ಕೆ ಮೊದಲು ಇಬ್ಬರೂ ಹಾಡಿನಲ್ಲೇ ಜಗಳವಾಡುತ್ತಾರೆ. ಒಂದು ಧ್ವನಿ ರಾಜ್‌ಕುಮಾರರದು, ಇನ್ನೊಂದು ಪಿ.ಬಿ. ಶ್ರೀನಿವಾಸರದು. ಒಬ್ಬರು ಚುಚ್ಚಿದ ಕೂಡಲೇ ಇನ್ನೊಬ್ಬರು ತಿರುಗಿ ಚುಚ್ಚುತ್ತಾರೆ, ರಾಗ ಏರುತ್ತ ಹೋಗುತ್ತದೆ. ಕಂಪೆನಿ ನಾಟಕದ ಕಂದಪದ್ಯದ ವರಸೆ ಅದು, ಬಯಲಾಟದ ವಾದದ ವರಸೆಯೂ ಹೌದು. ಬಾಣ ಬಿಡುವ ದೃಶ್ಯಗಳನ್ನು ಇವತ್ತಿನ ಮಕ್ಕಳಿಗೆ ತೋರಿಸಿದರೆ ನಗುತ್ತಾರೆ. ಆ ಹಾಡಿಗೆ ನಗುವವರನ್ನು ನಾನು ಇನ್ನೂ ಕಂಡಿಲ್ಲ. ಮಗ ಬಿಲ್ಲೆತ್ತುವಾಗ ಅವನಿಗೆ ಹಕ್ಕಿದೆ ಎಂದು ಇಡೀ ಸಭೆಗೆ ಗೊತ್ತಾಗಿರುತ್ತದೆ, ಏಕೆಂದರೆ ಮಾತು ಮುಗಿದಿದೆ. ನಾನು ಅದನ್ನು ಮೂರು ಸಲ ನೋಡಿದೆ. ಮೂರು ಸಲವೂ ಮನೆಗೆ ಬಂದು ಅಪ್ಪಯ್ಯನ ಪಂಕ್ತಿಯಲ್ಲಿ ಕುಳಿತು ತಲೆತಗ್ಗಿಸಿ ಉಂಡೆ.

ಆಮೇಲಿನ ವರ್ಷಗಳನ್ನು ಬೇಗ ದಾಟುತ್ತೇನೆ. ಕೆಲಸ, ಸಂಸಾರ, ವಿಡಿಯೋ ಕ್ಯಾಸೆಟ್ಟು. 1991ರಲ್ಲಿ ಮಣಿರತ್ನಂ ‘ದಳಪತಿ’ಯಲ್ಲಿ ಕರ್ಣನಿಗೆ ಪ್ಯಾಂಟು ತೊಡಿಸಿದರು; ಕವಚಕುಂಡಲದ ಹೆಸರೆತ್ತದೆ ಸೂರ್ಯನ ಬೆಳಕಿನಿಂದಲೇ ಕಥೆ ಹೇಳಿದ ಆ ಜಾಣ್ಮೆ ನನಗೆ ಮೆಚ್ಚು. ರಾಜಮೌಳಿಯವರ ಚಿತ್ರಗಳಲ್ಲಿ ಅಂಥ ಮುಚ್ಚುಮರೆಯಿಲ್ಲ. 2022ರ ‘ಆರ್‌ಆರ್‌ಆರ್’ ಚಿತ್ರದಲ್ಲಿ ಅಲ್ಲೂರಿ ಸೀತಾರಾಮರಾಜು ಕಾಡಿನ ನಡುವೆ ರಾಮನ ಮೂರ್ತಿಯ ಬಿಲ್ಲುಬಾಣ ಎತ್ತಿಕೊಂಡು, ಕಾವಿ ಉಟ್ಟು, ಸಂಸ್ಕೃತದ ಹಿಮ್ಮೇಳದೊಂದಿಗೆ ಬ್ರಿಟಿಷರ ಮೇಲೆ ಬಾಣ ಬಿಡುತ್ತಾನೆ. ಕಣ್ಣಿಗೆ ಹಬ್ಬ. ಆದರೆ 1924ರಲ್ಲಿ ತೀರಿಕೊಂಡ ರಾಜುವೂ 1940ರಲ್ಲಿ ತೀರಿಕೊಂಡ ಕೊಮರಂ ಭೀಮನೂ ಭೇಟಿಯೇ ಆದವರಲ್ಲ. ಹೆಸರಿನಲ್ಲಿ ರಾಮ ಇದ್ದವನನ್ನು ರಾಮನನ್ನಾಗಿಯೇ ಮಾಡಿ, ಗೋಂಡರ ಭೀಮನನ್ನು ಅವನ ಮುಂದೆ ವಿದ್ಯೆ ಕೇಳಲು ನಿಲ್ಲಿಸಿದ್ದು ನನಗೆ ರುಚಿಸಲಿಲ್ಲ. ಪುರಾಣ ಒಳಗೆ ಬಂದಾಗ ಯಾರು ಮೇಲೆ, ಯಾರು ಕೆಳಗೆ ಎಂಬುದೂ ಜೊತೆಗೆ ಬರುತ್ತದೆ.

‘ಕೆಜಿಎಫ್’ ಕಥೆ ಬೇರೆ. 2018ರ ಆ ಚಿತ್ರಕ್ಕೆ ಸಂಗೀತ ಕೊಟ್ಟ ರವಿ ಬಸ್ರೂರು ಕುಂದಾಪುರದ ಬಸ್ರೂರಿನವರು. ‘ಕಾಂತಾರ’ ಮಾಡಿದ ರಿಷಬ್ ಶೆಟ್ಟಿ ಅದೇ ಕುಂದಾಪುರ ಸೀಮೆಯ ಕೆರಾಡಿಯವರು. ರಾತ್ರಿಯಿಡೀ ಚೆಂಡೆ ಕೇಳುವ ಊರುಗಳಿವು. ಚೆಂಡೆಯನ್ನು ಯಾರು ಎಲ್ಲಿಂದ ಎತ್ತಿಕೊಂಡರೆಂದು ನಾನು ಹೇಳಲು ಹೊರಟಿಲ್ಲ. ಆದರೆ ‘ಕೆಜಿಎಫ್’ ನೋಡುವಾಗ ಮೊದಲ ಹತ್ತು ನಿಮಿಷದಲ್ಲೇ ನನಗೆ ಭಾಗವತರು ಸಿಕ್ಕಿದರು. ಅನಂತನಾಗ್ ಪತ್ರಕರ್ತನಾಗಿ ಕುಳಿತು ಕಥೆ ಹೇಳುತ್ತಾರೆ. ಅವರು ಪದ ಎತ್ತಿದ ಮೇಲೆ ರಾಕಿ ಬರುತ್ತಾನೆ, ಹಿಂದಿನಿಂದ ಗುಂಪಿನ ಕಂಠಗಳು ಆರ್ಭಟಿಸುತ್ತವೆ. ಅದು ಮಹಿಷಾಸುರನ ಪ್ರವೇಶವೇ. ದೀವಟಿಗೆಯ ಹೊಗೆಯೂ ಕಡಿಮೆಯಿಲ್ಲ. ಇಲ್ಲದ್ದು ಎದುರಾಳಿಯ ಮಾತು. ಪೀಠಿಕೆಯ ಮೇಲೆ ಪೀಠಿಕೆ, ಹೊಗಳಿಕೆಯ ಮೇಲೆ ಹೊಗಳಿಕೆ, ವಾದಕ್ಕೆ ಮಾತ್ರ ಜಾಗವಿಲ್ಲ. ನನ್ನ ಸೋದರಮಾವ ಇದ್ದಿದ್ದರೆ ಆರಂಭದಲ್ಲಿ ಮಲಗಿದವರು ಕೊನೆಯವರೆಗೂ ಏಳುತ್ತಿರಲಿಲ್ಲ.

‘ಕಾಂತಾರ’ದಲ್ಲಿ ಮಾತು ತಿರುಗಿ ಬಂತು. ಅಲ್ಲಿ ಕಥೆ 1847ರಲ್ಲಿ ಸುರುವಾಗುತ್ತದೆ: ಅರಸನೊಬ್ಬ ಮನಸ್ಸಿನ ನೆಮ್ಮದಿಗಾಗಿ ದೈವದ ಕಲ್ಲನ್ನು ಪಡೆದು, ಬದಲಿಗೆ ಊರವರಿಗೆ ಭೂಮಿ ಬಿಟ್ಟುಕೊಡುತ್ತಾನೆ. 1970ರಲ್ಲಿ ಅವನ ವಂಶದವನು ಕೋಲದ ನಡುವೆ ಆ ಭೂಮಿಯನ್ನು ವಾಪಸು ಕೇಳುತ್ತಾನೆ. ನುಡಿದದ್ದು ದೈವವೋ ಕಟ್ಟಿದವನೋ ಎಂದು ಹಂಗಿಸುತ್ತಾನೆ. ಆ ದೃಶ್ಯದಲ್ಲಿ ನಾನು ಕುರ್ಚಿಯ ಕೈ ಬಿಗಿಯಾಗಿ ಹಿಡಿದಿದ್ದೆ. ಚಿತ್ರದಲ್ಲಿ ದೈವ ಕಟ್ಟಿದವನು ಕಾಡಿನೊಳಕ್ಕೆ ಓಡಿ ಮಾಯವಾಗುತ್ತಾನೆ. ನಮ್ಮ ಮನೆಯವರು ತಡಮೆ ದಾಟಿ ನಡೆದುಕೊಂಡು ಹೋಗಿದ್ದರು, ಅಷ್ಟೇ ವ್ಯತ್ಯಾಸ.

ಅಲ್ಲಿಂದ ಕಥೆ 1990ಕ್ಕೆ ಹಾರುತ್ತದೆ. ಈ ಹಾರಿಕೆಯ ಕೆಳಗೆ ಬಿದ್ದುಹೋದದ್ದು 1974. ನಮ್ಮ ಜಿಲ್ಲೆಯಲ್ಲಿ ಭೂಮಿ ಕೈಬದಲಾದದ್ದು ಏಳನೆಯ ನಮೂನೆಯಿಂದ, ಮಂಡಳಿಯ ಮುಂದಿನ ಬೆಂಚಿನಲ್ಲಿ ಕಾದು ಕುಳಿತ ಒಕ್ಕಲುಗಳಿಂದ, ಸಾಕ್ಷಿ ಹೇಳಲು ಹೆದರದ ಕೆಲವು ನೆರೆಯವರಿಂದ. ಅದರಲ್ಲಿ ಹೊಡೆದಾಟಕ್ಕೆ ಬೇಕಾದ ಸರಕು ಇಲ್ಲ, ಒಪ್ಪುತ್ತೇನೆ. ಅರ್ಜಿ ತುಂಬುವುದಕ್ಕೆ ಚೆಂಡೆ ಬಾರಿಸುವುದು ಯಾರಿಗೂ ಆಗದು. ಆದರೂ ಆ ಚಿತ್ರ ನೋಡಿ ಬೆಳೆಯುವ ಹುಡುಗರು, ನಮ್ಮ ಕಡೆ ಧಣಿಯ ಭೂಮಿ ಬಡವನಿಗೆ ಸಿಕ್ಕಿದ್ದು ಗುಳಿಗನ ಆವೇಶದಿಂದ ಎಂದು ತಿಳಿದರೆ, ಆ ಬೆಂಚಿನಲ್ಲಿ ಕಾದವರಿಗೆ ಅನ್ಯಾಯವಾದಂತೆ.

ಇನ್ನೂ ಒಂದು ಮಾತು. ಗುಳಿಗ ಕೊಂದು ಮುಗಿಸಿದ ಮೇಲೆ ಆ ಚಿತ್ರ ನಿಲ್ಲುವುದಿಲ್ಲ. ಮತ್ತೆ ಕೋಲ ನಡೆಯುತ್ತದೆ. ದೈವ ಅರಣ್ಯಾಧಿಕಾರಿಯ ಕೈಯನ್ನೂ ಊರವರ ಕೈಗಳನ್ನೂ ಒಟ್ಟಿಗೆ ತಂದು ಎದೆಗೊತ್ತಿಕೊಳ್ಳುತ್ತದೆ. ಮಾತೇ ಇಲ್ಲ. ಜನ ಶಿಳ್ಳೆ ಹಾಕಿದ್ದು ಮೊದಲನೆಯದಕ್ಕೆ. ನನಗೆ ಗಂಟಲು ಕಟ್ಟಿದ್ದು ಎರಡನೆಯದಕ್ಕೆ, ಏಕೆಂದರೆ ಅದನ್ನು ನಾನು ಕಂಡಿದ್ದೆ. ರಿಷಬ್ ಶೆಟ್ಟಿಯವರಿಗೂ ರಾಷ್ಟ್ರಪ್ರಶಸ್ತಿ ಬಂದಾಗ ನನಗೆ ನೆನಪಾದದ್ದು ವಾಸುದೇವರಾಯರು. ಇಬ್ಬರ ಕೆಳಗೂ ಇದ್ದದ್ದು ಒಂದೇ ಮಣ್ಣಿನ ಪ್ರಶ್ನೆ. ಒಂದರಲ್ಲಿ ದುಡಿ ಒಡೆಯನ ವರೆಗೆ ತಲಪಲೇ ಇಲ್ಲ, ಇನ್ನೊಂದರಲ್ಲಿ ತಲಪಿ ಅವನನ್ನು ಕೊಂದೇಬಿಟ್ಟಿತು.

ಕೊನೆಯ ಹಾಡಿನಲ್ಲಿ ಪಂಜುರ್ಲಿ ವರಾಹನಾಗುತ್ತಾನೆ. ಅಜನೀಶ್ ಲೋಕನಾಥರ ಆ ಸಂಗೀತ ಮೈನವಿರೇಳಿಸುತ್ತದೆ, ಸುಳ್ಳು ಹೇಳಲಾರೆ. ಆದರೆ ನಾನು ಕೇಳಿದ ಪಾಡ್ದನದಲ್ಲಿ ಪಂಜುರ್ಲಿ ವಿಷ್ಣುವಿನ ಅವತಾರವಲ್ಲ. ಪಾರ್ವತಿ ಮುದ್ದಿನಿಂದ ಸಾಕಿದ ಹಂದಿಮರಿ ಅದು. ಬೆಳೆದು ಈಶ್ವರನ ತೋಟಕ್ಕೆ ನುಗ್ಗಿ ಗೆಡ್ಡೆಗೆಣಸು ಅಗೆದು ಹಾಕಿತು. ಈಶ್ವರ ಸಿಟ್ಟಾಗಿ ಭೂಮಿಗೆ ಕಳಿಸಿದ, ಹೋಗು, ಅಲ್ಲಿ ಜನರ ಬೆಳೆ ಕಾಯಿ ಎಂದ. ಬೆಳೆ ಹಾಳು ಮಾಡಿದವನಿಗೆ ಬೆಳೆ ಕಾಯುವ ಕೆಲಸ. ವರಾಹನ ಕೋರೆಯ ಮೇಲೆ ಇಡೀ ಭೂಮಂಡಲವಿದೆ. ಪಂಜುರ್ಲಿಯ ಕೋರೆಗೆ ಮೆತ್ತಿದ್ದು ಗೆಣಸಿನ ಹೋಳಿಯ ಮಣ್ಣು. ನನಗೆ ಎರಡನೆಯದೇ ಹತ್ತಿರ. ಆ ಹಾಡಿನ ಧಾಟಿ ನಮ್ಮದೆಂದು ಕೇರಳದ ಸಂಗೀತ ತಂಡವೊಂದು ಕೋಳಿಕ್ಕೋಡಿನ ನ್ಯಾಯಾಲಯಕ್ಕೆ ಹೋಗಿ ಕೆಲಕಾಲ ತಡೆಯಾಜ್ಞೆಯನ್ನೂ ತಂದಿತು. ಪಾಡ್ದನ ಯಾರದೆಂದು ಯಾರೂ ದಾವೆ ಹೂಡಿದ್ದು ನಾನು ಕೇಳಿಲ್ಲ.

ಚಿತ್ರ ನೋಡಿ ಬಂದ ಮರುದಿನ ಮೊಮ್ಮಗ ಅಂಗಳದಲ್ಲಿ ಗುಳಿಗನ ಕೂಗು ಹಾಕಿದ. ಮಹಿಷಾಸುರನ ಆರ್ಭಟವನ್ನು ನಾವು ಎಷ್ಟು ಬೇಕಾದರೂ ಅಣಕಿಸಬಹುದಿತ್ತು, ಹಾಳೆಯ ಕೊಂಬು ಕಟ್ಟಿಕೊಂಡು ಊರೆಲ್ಲ ಸುತ್ತಬಹುದಿತ್ತು, ಅದು ಆಟ. ದೈವದ ಕೂಗನ್ನು ಒಮ್ಮೆ ಅಣಕಿಸಿದ್ದಕ್ಕೆ ಅಜ್ಜಿ ಹುಣಸೆ ಬರಲಿನಿಂದ ಬಾರಿಸಿದ್ದು ನನ್ನ ಮೀನಖಂಡಕ್ಕೆ ಇನ್ನೂ ನೆನಪಿದೆ. ನಾನು ಬರಲು ಎತ್ತಲಿಲ್ಲ. ಥಿಯೇಟರಿನಲ್ಲಿ ಇನ್ನೂರು ಮಂದಿ ಒಟ್ಟಿಗೆ ಕೇಳಿ ಶಿಳ್ಳೆ ಹಾಕಿದ್ದನ್ನು ಇವನೊಬ್ಬ ಮಾಡಬಾರದು ಎಂದು ಹೇಗೆ ಹೇಳಲಿ? ಮೂರು ವರ್ಷಗಳ ಮೇಲೆ, 2025ರ ಅಕ್ಟೋಬರ್ 2ರಂದು ಅದರ ಹಿಂದಿನ ಕಥೆಯ ಚಿತ್ರ ಬಂದಾಗ, ದೈವವನ್ನು ಅನುಕರಿಸಬೇಡಿ ಎಂದು ನಿರ್ಮಾಪಕರೇ ಜನರಲ್ಲಿ ಕೇಳಿಕೊಳ್ಳಬೇಕಾಯಿತು.

ಆ ಅಕ್ಟೋಬರದಲ್ಲೇ, 60 ದಾಟಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನ ಕೊಡುವುದಾಗಿ ರಾಜ್ಯ ಸರಕಾರ ಪ್ರಕಟಿಸಿತು. 2022ರ ಮಾತು ಹೇಳುತ್ತಿದ್ದೇನೆ. ಪತ್ರಿಕೆಯ ಆ ತುಂಡನ್ನು ಹಿಡಿದುಕೊಂಡು ನಾನು ನಮ್ಮ ಮನೆಯ ದೈವ ಕಟ್ಟುತ್ತಿದ್ದವರಲ್ಲಿಗೆ ಹೋದೆ. ಅವರಿಗೆ 76 ವರ್ಷ. ಮೊಣಕಾಲು ಹೋಗಿ, ಈಗ ಮಗ ಕಟ್ಟುತ್ತಾನೆ. ಅಪ್ಪಯ್ಯ ತೀರಿಕೊಂಡ ಮೇಲೆ 1991ರಲ್ಲಿ, ಮುಂಬಯಿಯ ತಮ್ಮಂದಿರು ಹಣ ಕಳಿಸಿ ಕೋಲ ಮತ್ತೆ ಸುರುಮಾಡಿದಾಗ, ಒಂದು ಮಾತೂ ಆಡದೆ ಬಂದು ಅಣಿ ಕಟ್ಟಿದ್ದವರು. ನಾನು ‘ನೀವು’ ಎಂದರೆ ಅವರಿಗೆ ಈಗಲೂ ನಗು ಬರುತ್ತದೆ.

ಸಿನಿಮಾದ ಕಥೆ ಹೇಳೆಂದರು. ಹೇಳಿದೆ.

“ಕೊನೆಗೆ?”

“ಗುಳಿಗ ಧಣಿಯನ್ನು ಕೊಲ್ಲುತ್ತದೆ.”

ಅವರು ಎಲೆಗೆ ಸುಣ್ಣ ಹಚ್ಚುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದರು. “ಕೊಂದರೆ ಬರುವ ವರ್ಷ ಕೋಲ ಕೊಡಿಸುವವರು ಯಾರು ಧಣಿಗಳೆ?” ಎಂದು ನಕ್ಕರು. ನಾನೂ ನಕ್ಕೆ. ಆ ನಗುವಿನ ಧೈರ್ಯದಲ್ಲಿ, ಕೇಳಬಾರದ ಒಂದು ಪ್ರಶ್ನೆಯನ್ನು 46 ವರ್ಷಗಳ ಮೇಲೆ ಕೇಳಿಬಿಟ್ಟೆ. ಸಿನಿಮಾದ ಧಣಿ ಕೇಳಿದ ಪ್ರಶ್ನೆಯೇ ಅದು ಎಂಬುದು ಕೇಳಿದ ಮೇಲೆ ಹೊಳೆಯಿತು. ಆ ರಾತ್ರಿ ನಮ್ಮ ಚಾವಡಿಯಲ್ಲಿ ಆ ನುಡಿ ಕೊಟ್ಟದ್ದು ಯಾರು?

“ನುಡಿದದ್ದು ದೈವ,” ಎಂದರು. “ಹಸಿದದ್ದು ನಾನು.”

ಹದಿನೈದು ವರ್ಷದಲ್ಲಿ ಇನ್ನೂ ಎರಡು ಮನೆಗಳು ಅವರನ್ನು ಕರೆಯುವುದನ್ನು ಬಿಟ್ಟಿದ್ದವಂತೆ. ಕಲ್ಲುಕೋರೆಯಲ್ಲಿ ಕೆಲಸ ಮಾಡಿದರಂತೆ. ಅದನ್ನು ದೂರಿನಂತೆ ಹೇಳಲಿಲ್ಲ. ಉಳಿದ ಅರ್ಧ ಹಣದ ಮಾತನ್ನು ಅವರು ಎತ್ತಲಿಲ್ಲ, ಎತ್ತಲು ನನಗೂ ಬಾಯಿ ಬರಲಿಲ್ಲ. ಪತ್ರಿಕೆಯ ತುಂಡನ್ನು ಅವರ ಮಗನ ಕೈಯಲ್ಲಿ ಕೊಟ್ಟು ಬಂದೆ.

2023ರ ಕೋಲಕ್ಕೆ ಎಂದೂ ಇಲ್ಲದ ಜನ. ಮಣಿಪಾಲದಿಂದ ಕಾರು ಮಾಡಿಕೊಂಡು ಹುಡುಗರು ಬಂದಿದ್ದರು. ಗಗ್ಗರ ಕೊಡುವ ಹೊತ್ತಿಗೆ ಅಂಗಳದ ತುಂಬ ಮೊಬೈಲುಗಳು ಎದ್ದವು. ದೈವದ ಮುಖಕ್ಕಿಂತ ಅವುಗಳ ಬೆಳಕೇ ಹೆಚ್ಚು. ಕೂಗು ಯಾವಾಗ ಎಂದು ಒಬ್ಬ ಹುಡುಗ ನನ್ನನ್ನೇ ಕೇಳಿದ. ಆ ಆರು ಒಕ್ಕಲಿನ ಮನೆಗಳಿಂದಲೂ ಜನ ಬಂದು ಚಾವಡಿಯಲ್ಲಿ ನಿಂತಿದ್ದರು. ಒಬ್ಬರ ಮಗ ಬ್ಯಾಂಕಿನ ಮ್ಯಾನೇಜರು. ಅವನ ಪಕ್ಕದಲ್ಲಿ ನನ್ನ ತಮ್ಮ.

ಇದೆಲ್ಲ ಸುರುವಾಗುವುದಕ್ಕೆ ಮೊದಲು, ಮಗ ಮುಖಕ್ಕೆ ಅರದಾಳ ಹಚ್ಚುತ್ತಿದ್ದಾಗ, ಅಣಿಯ ಆಚೆ ಹಲಸಿನ ಮರದ ಬುಡದಲ್ಲಿ ಅವನ ತಾಯಿ ಚಾಪೆ ಹಾಸಿ ಕುಳಿತು ತೆಂಬರೆ ಬಾರಿಸುತ್ತ ಪಾಡ್ದನ ಹೇಳುತ್ತಿದ್ದರು. ಅಂಗೈಯಗಲದ ವಾದ್ಯ, ಸಣ್ಣ ದನಿ. ಅಲ್ಲಿ ಮೊಬೈಲು ಹಿಡಿದವರು ಯಾರೂ ಇರಲಿಲ್ಲ. ನಾನು ಮೊಮ್ಮಗನ ಕೈಹಿಡಿದು ಆ ಕಡೆ ಹೋದೆ. ಹಂದಿಮರಿ ತೋಟದ ಬೇಲಿ ಹಾರುವ ಭಾಗ ಬಂದಿತ್ತು. ಅವರು ಹಾಡು ನಿಲ್ಲಿಸದೆ, ಎಲೆಅಡಿಕೆಯ ಚೀಲವನ್ನು ಈಚೆ ಎಳೆದುಕೊಂಡು ನಮಗೆ ಕುಳಿತುಕೊಳ್ಳಲು ಜಾಗ ಮಾಡಿದರು.